ನನ್ನ ಅಂಗಡಿಗೆ ನಾನೇ ಖಾಯಂ ಗಿರಾಕಿ

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರು ಅಜ್ಜನ ಕಾಲದ ಬಟ್ಟೆ ಅಂಗಡಿ ನಡೆಸುವವನಿಗೆ ಅಷ್ಟು ಬಿಂಕ ಇರಬೇಕಾದ್ದೇ. ಆದರೆ ಕೊಲ್ಹಾಪುರದ ಮಾಲಿನಲ್ಲಿ ಕುಕ್ಕರ್ ಕೊಂಡಾಗ ಕೌಂಟರಿನ ಹುಡುಗಿ, "ಕಾಕಾ, ಆ್ಯಪ್ ಘ್ಯಾ, ಪಾಯಿಂಟ್ಸ್ ಫುಕಟ್!" ಎಂದಳು. ಫುಕಟ್, ಅಂದರೆ ಬಿಟ್ಟಿ, ಎಂಬ ಮರಾಠಿ ಶಬ್ದ ಕಿವಿಗೆ ಬಿದ್ದದ್ದೇ ಬಿಂಕ ಇಳಿಯಿತು; ಆ್ಯಪ್ ಹಾಕಿಕೊಂಡೆ. ಫೋನು ಏನೇನೋ ಪರವಾನಗಿ ಕೇಳಿತು. ಮದುವೆಯಲ್ಲಿ ಅಕ್ಷತೆ ಎರಚಿದ ಹಾಗೆ, ನೋಡದೆ ಎಲ್ಲದಕ್ಕೂ ಒಪ್ಪಿಗೆ ಒತ್ತಿದೆ.

ಕೆಲವೇ ದಿನಗಳಲ್ಲಿ, ನನ್ನ ಅಂಗಡಿಯ ಗಾದಿಯ ಮೇಲೆ ಕೂತಿದ್ದಾಗ ಮಾಲಿನ ಆ್ಯಪ್ಪಿನಿಂದ ಸಂದೇಶ ಬಂತು: "ನೀವು ದಿನವಿಡೀ ಒಂದು ಹಳೆಯ ಬಟ್ಟೆ ಅಂಗಡಿಯಲ್ಲೇ ಇರುತ್ತೀರಿ. ಇನ್ನೂ ಮನಸ್ಸಿಗೆ ಒಪ್ಪುವುದು ಸಿಗಲಿಲ್ಲವೇ? ನಮ್ಮಲ್ಲಿಗೆ ಬನ್ನಿ, ಸೀರೆಗಳ ಮೇಲೆ ರಿಯಾಯಿತಿ." ಮನೆಯವಳಿಗೆ ತೋರಿಸಿದೆ. "ಅದರದೇನ್ ತಪ್ಪೈತ್ರಿ? ಮುಂಜಾನಿಂದ ಸಂಜೀತನಕ ಕುಂತು ಒಂದ್ ಕರವಸ್ತ್ರಾನೂ ತಗೊಳ್ಳದ ಗಿರಾಕೀನ್ನ ನೋಡಿ ಅದಕ್ಕ ಕನಿಕರ ಬಂದೈತಿ" ಎಂದಳು. ನಾನೂ ನಕ್ಕೆ.

ಆ ನಗು ನೇಸರಿ ಊರಿನ ಗಂಗವ್ವ ಮಗಳ ಬಸ್ತಾಕ್ಕೆ ಬರುವವರೆಗೆ ಮಾತ್ರ ಉಳಿಯಿತು. ಬಸ್ತಾ ಎಂದರೆ ಮದುವೆಯ ಬಟ್ಟೆ ಖರೀದಿ. ಅತ್ತೆ, ಸೊಸೆ, ಸೋದರತ್ತೆ ಎಲ್ಲರೂ ಗಾದಿಯ ಮೇಲೆ ಕೂತು, ಚಹಾ ಕುಡಿಯುತ್ತ, ಇಡೀ ಅಂಗಡಿಯನ್ನು ಬಿಚ್ಚಿಸುವ ಶಾಸ್ತ್ರ. ಅವರ ಮನೆಯ ಬಸ್ತಾ ಮೂರು ತಲೆಮಾರಿನಿಂದ ನಮ್ಮಲ್ಲೇ. ಈ ಸಲದ ಸೀಜನ್ನಿಗೆ ನಾನು ನಂಬಿದ್ದೂ ಅದನ್ನೇ. ಮದುವೆ ಸೀರೆಯನ್ನು ನನ್ನ ಹೆಗಲ ಮೇಲೇ ಹೊದ್ದು ತೋರಿಸುತ್ತಿದ್ದೆ, ಗಂಗವ್ವನ ಸೊಸೆಯ ಫೋನು ಟಿಂಗ್ ಎಂದಿತು. ಅವಳದರಲ್ಲೂ ಅದೇ ಆ್ಯಪ್!

"ಅತ್ತಿ, ನಾವ್ ಇಲ್ಲಿ ಕುಂತದ್ದು ಇದಕ್ಕ ಹೆಂಗ ಗೊತ್ತಾತು? ಕೊಲ್ಹಾಪುರದಾಗ ಅರ್ಧಾ ರೇಟಿಗೆ ಐತಂತ."

ಗಂಗವ್ವ ಚಹಾ ಮುಗಿಸಿ, "ಹಿರ್ಯಾರ್ನ ಕೇಳ್ಕೊಂಡ್ ಬರ್ತೇವ್ರಿ ಸಾವ್ಕಾರ್ರ" ಎಂದು ಎದ್ದಳು. ಆ ಮನೆಯಲ್ಲಿ ಅವಳಿಗಿಂತ ಹಿರಿಯರು ಗೋಡೆಯ ಮೇಲಿನ ಫೋಟೋದಲ್ಲಷ್ಟೇ ಇದ್ದಾರೆ.

ಗಿರಾಕಿಯ ಬೆನ್ನು ಹತ್ತುವುದಕ್ಕೂ ಒಂದು ಮರ್ಯಾದೆ ಬೇಡವೇ? ನಿಗಾ ನಾನೂ ಇಡುತ್ತೇನೆ, ಇಲ್ಲವೆನ್ನುವುದಿಲ್ಲ. ಬಸ್ಸಿನಿಂದ ಯಾರು ಯಾವ ಅಂಗಡಿಯ ಚೀಲ ಹಿಡಿದು ಇಳಿದರು ಎಂಬುದು ಗಾದಿಯಿಂದಲೇ ಕಾಣುತ್ತದೆ. ಅವರು ಮುಂದೆ ನಮ್ಮಲ್ಲಿಗೆ ಬಂದಾಗ, "ಕೊಲ್ಹಾಪುರದ ಸೀರಿ ಬಣ್ಣಾ ಬಿಡ್ತೇನ್ರಿ?" ಎಂದು ವಿಚಾರಿಸಿ ಅವರು ತಲೆ ತಗ್ಗಿಸುವಂತೆ ಮಾಡಿದ್ದೂ ಇದೆ. ಆದರೆ ಅದು ಕಣ್ಣು ನೋಯಿಸಿಕೊಂಡು ಸಂಪಾದಿಸಿದ ವಿದ್ಯೆ.

ಮರುದಿನ ಮನೆಯವಳನ್ನು ಗಾದಿಯ ಮೇಲೆ ಕೂರಿಸಿ ಕೊಲ್ಹಾಪುರಕ್ಕೆ ಜಗಳಕ್ಕೆ ಹೋದೆ. ಮಾಲಿನ ಬಾಗಿಲು ದಾಟಿದ್ದೇ ಫೋನು ಟಿಂಗ್: "ಅಭಿನಂದನೆ! ಕೊನೆಗೂ ಹಳೆಯ ಅಂಗಡಿ ಬಿಟ್ಟು ಬಂದಿರಿ. ನಿಮಗೊಂದು ಉಡುಗೊರೆ." ಕೌಂಟರಿನಲ್ಲಿ ನನ್ನ ಹೆಸರು ಕಿತ್ತುಹಾಕಿ ಎಂದು ಕೂಗಾಡಿದೆ. ಹೆಸರು ತೆಗೆದರೆ ಉಡುಗೊರೆಯೂ ಹೋಗುತ್ತದೆ ಎಂದು ಅದೇ ಹುಡುಗಿ ಮೆತ್ತಗೆ ಹೇಳಿದಳು. ಏನು ಉಡುಗೊರೆ ಎಂದು, ಸುಮ್ಮನೆ ತಿಳಿದಿರಲಿ ಅಂತ, ಕೇಳಿದೆ. ಟವೆಲ್ಲು. ಇಚಲಕರಂಜಿಯ ಮಗ್ಗದ್ದು. ಅದೇ ಟವೆಲ್ಲಿನ ಕಟ್ಟುಗಳು ನನ್ನ ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಆದರೆ ಅವು ಫುಕಟ್ ಅಲ್ಲವಲ್ಲ. ಹೆಸರನ್ನು ಇನ್ಯಾವಾಗಲಾದರೂ ತೆಗೆಸಿದರಾಯಿತು ಎಂದುಕೊಂಡೆ.

ಸಂಜೆ ಮಾಲಿನ ಹೆಸರಿದ್ದ ಕೆಂಪು ಚೀಲ ಹಿಡಿದು ಬಸ್ಸಿಳಿದೆ. ಎದುರಿಗೆ ನನ್ನ ಗಾದಿಯ ಮೇಲೆ ಗಂಗವ್ವ ಸೊಸೆಯೊಡನೆ ಕೂತಿದ್ದಳು. ನಿನ್ನೆಯ ಸೀರೆ ಅವಳ ತೊಡೆಯ ಮೇಲಿತ್ತು. ಹಳೇ ಋಣ ನೆನೆದು ತಿರುಗಿ ಬಂದಿದ್ದಳು, ಪುಣ್ಯಾತ್ಗಿತ್ತಿ. ಅವಳ ಕಣ್ಣು ನನ್ನ ಮುಖ ಬಿಟ್ಟು ಚೀಲಕ್ಕೆ ಇಳಿಯಿತು. ಸೀರೆಯನ್ನು ನೀಟಾಗಿ ಮಡಿಚಿಟ್ಟು ಎದ್ದಳು.

"ಸಾವ್ಕಾರ್ರ ಅಲ್ಲೆ ತಗೋತಾರಂದ ಮ್ಯಾಲ ನಮ್ದೇನ್ರಿ. ನಡಿಯವ್ವಾ, ನಾಳೆ ಕೊಲ್ಹಾಪುರಕ್ಕ ಹೋಗೂಣು."

ಟವೆಲ್ಲು ಚೆನ್ನಾಗಿದೆ. ಬೆವರು ಒರೆಸಿಕೊಳ್ಳಲು ಅಲ್ಲೇ, ಆಗಲೇ ಬೇಕಾಯಿತು.