ಅಜ್ಜಿ ಕೇಳಿದ ಎರಡನೆಯ ಪ್ರಶ್ನೆ

ಸರಕು ತರಲು ಗದಗಿಗೆ ಹೋದಾಗ ಒಂದು ಭಾಷಣ ಕೇಳಿ ಬಂದದ್ದೇ ಕೊಪ್ಪಳದ ಬಟ್ಟೆ ವ್ಯಾಪಾರಿ ಉಮಾಪತಿಗೆ ಮುಳುವಾಯಿತು. ಮಕ್ಕಳಿಗೂ ಮನಸ್ಸಿದೆ, ಮನೆಯ ವಿಚಾರದಲ್ಲಿ ಅವರನ್ನೂ ಕೇಳಬೇಕು ಎಂದು ಖಾದಿ ತೊಟ್ಟವರೊಬ್ಬರು ಹೇಳಿದ್ದರು. ಅಂದಿನಿಂದ ಗಿರಾಕಿಗಳಿಗೆ ಅವನು ಬಟ್ಟೆಗಿಂತ ಮೊದಲು ಈ ಮಾತನ್ನೇ ಬಿಚ್ಚಿ ತೋರಿಸತೊಡಗಿದ. ನಿಜಾಮರ ಸೀಮೆಗೆ ಇದು ಹೊಸ ಮಾತು. ಸುದ್ದಿ ಹತ್ತಿರದ ತಳಕಲ್ಲು ಊರಿಗೂ ಮುಟ್ಟಿತು.

ತಳಕಲ್ಲಿನಲ್ಲೇ ಅವನಿಗೆ ಎರಡನೆಯ ಸಂಬಂಧ ಕುದುರಿತ್ತು. ಹೆಂಡತಿ ತೀರಿಕೊಂಡಿದ್ದ ಅವನಿಗೆ ನಲವತ್ತರ ಹತ್ತಿರ. ಹುಡುಗಿ ಬಸವಣ್ಣೆಮ್ಮ, ತಂದೆಯಿಲ್ಲದವಳು, ಅವಳಿಗೆ ಹನ್ನೆರಡು. ಆ ಕಾಲದಲ್ಲಿ ಇದು ಯಾರ ಕಣ್ಣಿಗೂ ಚುಚ್ಚಲಿಲ್ಲ. ಹುಡುಗಿಯ ಅಜ್ಜಿ ವಿರೂಪಾಕ್ಷಮ್ಮ ಮಾತ್ರ ಹೇಳಿ ಕಳಿಸಿದ್ದಳು: "ನಿಮ್ಮ ಮಗಳನ್ನ ಕರಕೊಂಡು ಬರ್ರಿ. ಮಲತಾಯಿ ಬೇಕೋ ಬ್ಯಾಡೋ ಆಕಿನ್ನ ಕೇಳೂಣು. ನಿಮ್ಮ ಪದ್ಧತೀನ ಹಂಗಂತಲ್ರೀ!"

ಹತ್ತು ವರ್ಷದ ಮಗಳು ಕಳಕಮ್ಮ ಎಲ್ಲಿ ಬೇಡವೆನ್ನುತ್ತಾಳೋ ಎಂದು ಬೆಳಗಿನಿಂದ ಉಮಾಪತಿಗೆ ಅದೇ ಚಿಂತೆ. ಪಕ್ಕದ ಮನೆಯ ಗೌಸಬೀ ರೈಲು ನಿಲ್ದಾಣದವರೆಗೂ ಬಂದು ಹುಡುಗಿಗೆ ಪಾಠ ಹೇಳಿಕೊಟ್ಟಳು.

"ಬೇಟಿ, ಬೇಕು ಅಂತ ಒಂದ ಮಾತು ಅನ್ನು, ಸುಮ್ಮನಾಗು."

"ಬ್ಯಾಡ ಅಂದ್ರ?"

"ನಿಮ್ಮಪ್ಪ ಕಡೀತನಕ ಹೊತ್ತಿದ ರೊಟ್ಟಿ ತಿನ್ನಬೇಕಾಕ್ಕೈತಿ."

"ಹೊತ್ತಿದ ರೊಟ್ಟೀನ ರುಚಿ ಇರತಾವ," ಎಂದಳು ಕಳಕಮ್ಮ.

ಉಮಾಪತಿ ರೈಲಿನಲ್ಲಿ ಬೆಂಡು ಬತ್ತಾಸು ಕೊಡಿಸಿದ, ಹೊಸ ಲಂಗ ಹೊಲಿಸುವುದಾಗಿ ಆಣೆ ಮಾಡಿದ. ಅವಳು ಬತ್ತಾಸು ಕಡಿಯುತ್ತ, "ನೋಡೂಣಂತ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ತಳಕಲ್ಲಿನ ಆ ಮನೆಯ ಪಡಸಾಲೆಯಲ್ಲಿ ಹಿರಿಯರು, ಓಣಿಯವರು ಕಿಕ್ಕಿರಿದು ತುಂಬಿದ್ದರು. ವಿರೂಪಾಕ್ಷಮ್ಮ ಪ್ರಶ್ನೆ ಕೇಳಿಯೇ ಬಿಟ್ಟಳು. ಕಳಕಮ್ಮ ಬಸವಣ್ಣೆಮ್ಮನನ್ನು ದಿಟ್ಟಿಸಿದಳು. ಆ ಹುಡುಗಿಯ ಸೆರಗಿನ ಮರೆಯಲ್ಲಿ ಆಡುವ ಗಜ್ಜುಗಗಳಿದ್ದವು.

"ಬರ್ಲಿ, ಈಕಿ ನಮ್ಮನಿಗೆ ಬರ್ಲಿ!"

ಉಮಾಪತಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೆ ಸುಮ್ಮನಿದ್ದರೆ ಅವನು ಉಮಾಪತಿ ಹೇಗಾದಾನು? ರುಮಾಲು ಸರಿಪಡಿಸಿಕೊಂಡು, "ನೋಡ್ರಿ, ಮಕ್ಕಳು ಅಂದ ಮಾತಿಗೆ ದೊಡ್ಡವರು ಇಲ್ಲ ಅನ್ನಬಾರ್ದು" ಎಂದ.

"ಖರೇ ಐತಿ," ಎಂದಳು ವಿರೂಪಾಕ್ಷಮ್ಮ. "ಹಂಗಾರ ನಮ್ಮ ಕೂಸನ್ನೂ ಕೇಳೂಣು. ನೀ ಏನಂತೀಯವಾ?"

ಇದು ಯಾರ ತಲೆಗೂ ಹೊಳೆದಿರಲಿಲ್ಲ. ಪಾಪ, ಅತ್ತು ಅತ್ತು ಹುಡುಗಿಯ ಕಣ್ಣು ಬಾತಿದ್ದವು. ಅವಳು ಮೆಲ್ಲಗೆ ತಲೆ ಎತ್ತಿದಳು.

"ಕಳಕಮ್ಮನ ಕೂಡ ಆಡಾಕ ಮನಸೈತಿ. ಆದ್ರ..." ಉಮಾಪತಿಯ ಕಡೆ ತಿರುಗಿ ಕೈಮುಗಿದಳು. "ಅಪ್ಪಾರ, ನೀವು ನನಗೂ ಅಪ್ಪ ಆಗ್ರಿ."

ಹಿರಿಯರೆದುರು ಹುಡುಗಿಯೊಬ್ಬಳು ಅಪ್ಪಾ ಎಂದು ಕರೆದರೆ ಮುಗಿಯಿತು. ಆ ವರಸೆ ಮೀರಿ ತಾಳಿ ಕಟ್ಟುವುದುಂಟೇ? ಇಲ್ಲವೆನ್ನಲು ಉಮಾಪತಿ ಬಾಯಿ ತೆರೆದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ವಿರೂಪಾಕ್ಷಮ್ಮ ಕಣ್ಣೊರೆಸಿಕೊಂಡು, ಅವನು ತಂದಿದ್ದ ರೇಷ್ಮೆ ಸೀರೆಯನ್ನು ಮೊಮ್ಮಗಳ ಉಡಿಗೆ ಹಾಕಿದಳು.

"ತಂದಿ ಇಲ್ಲದ ಕೂಸು ಅನ್ನೂ ಚಿಂತಿ ಇವತ್ತು ಹೋತು. ದೊಡ್ಡಾಕಿ ಆದಮ್ಯಾಲ ಈಕಿಗೊಂದು ವರಾ ನೀವ ನೋಡ್ರಿ, ಉಮಾಪತಿಯವರ. ವಯಸ್ಸಾದಾಂವನ್ನ ಮಾತ್ರ ತರಬ್ಯಾಡ್ರಿ."