ಅಸಲಿನಂತೆ ನಕಲು

ನಮ್ಮ ಮಾವನವರಿಗೆ ಸೈಕಲ್ಲು ಹೊಡೆಯಲು ಬರುತ್ತಿರಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಕೂತರೂ ಎರಡೂ ಕೈಯಿಂದ ಗೂಟ ಗಟ್ಟಿಯಾಗಿ ಹಿಡಿದುಕೊಂಡು ಕೂಡುವವರು. ಅಂಥವರು ಗದಗಿನಿಂದ ಲಕ್ಷ್ಮೇಶ್ವರದ ತನಕ, ಶಿರಹಟ್ಟಿಯಿಂದ ಮುಂಡರಗಿಯ ತನಕ ಇದ್ದಬದ್ದ ಡ್ರೈವರುಗಳಿಗೆಲ್ಲ ಬಸ್ಸು ಹೊಡೆಯುವುದು ಹೇಗೆಂದು ಕಲಿಸಿದರು ಎಂದರೆ ನಂಬುತ್ತೀರಾ? ನಂಬಬೇಡಿ. ಡ್ರೈವರುಗಳೂ ನಂಬುತ್ತಿರಲಿಲ್ಲ. ಆದರೆ ಹೆದರುತ್ತಿದ್ದರು! ಸ್ಟ್ಯಾಂಡಿನಲ್ಲಿ ಮಾವನವರ ಕೊಡೆ ಕಂಡರೆ ಸಾಕು, ಸೇದುತ್ತಿದ್ದ ಬೀಡಿ ಬೂಟಿನಡಿ ಹೋಗುತ್ತಿತ್ತು.

ಮೂಲ ಊರು ಲಕ್ಷ್ಮೇಶ್ವರ. ಗುಡಿಯ ಪೂಜೆ ಅಣ್ಣನ ಪಾಲಿಗೆ ಹೋಗಿ, ಬರೆಯುವ ಲೆಕ್ಕಣಿಕೆ ಇವರ ಪಾಲಿಗೆ ಬಂದಿತ್ತು. ಗದಗಿನ ಕೋರ್ಟಿನಲ್ಲಿ ನಕಲು ಕಾರಕೂನರಾಗಿ ಮೂವತ್ತು ವರ್ಷ ದುಡಿದು, ಪೆನ್ಶನ್ ತೆಗೆದುಕೊಂಡು ಬೆಟಗೇರಿಯ ಮನೆಯಲ್ಲಿದ್ದರು. ನಕಲು ಕಾರಕೂನನ ಕೆಲಸವೆಂದರೆ ಅಸಲು ಕಾಗದವನ್ನು ಇದ್ದದ್ದು ಇದ್ದ ಹಾಗೆ ಇನ್ನೊಂದು ಕಾಗದಕ್ಕೆ ಇಳಿಸಿ, ಕೊನೆಗೆ ‘ಅಸಲಿನಂತೆ ನಕಲು ಇದೆ’ ಎಂದು ಬರೆದು ಸಹಿ ಹಾಕುವುದು. ಅಸಲಿನಲ್ಲಿ ಶಾಯಿ ಚೆಲ್ಲಿದ ಕಲೆ ಇದ್ದರೆ ನಕಲಿನಲ್ಲೂ ಅದೇ ಜಾಗದಲ್ಲಿ ಅದೇ ಆಕಾರದ ಕಲೆ ಹಾಕುತ್ತಿದ್ದರಂತೆ! ಇದು ನಮ್ಮ ಅತ್ತೆಯವರು ಹೇಳಿದ್ದು. ನಾನು ಒಂದಿಷ್ಟು ಹಿಗ್ಗಿಸಿರಲೂಬಹುದು. ಆ ಚಾಳಿ ನನಗಿದೆ. ಮುಂದೆ ಅದರ ಮಾತೇ ಬರಲಿದೆ.

ಪೆನ್ಶನ್ ಬಂದ ಮೇಲೆ ನಕಲು ಮಾಡಲು ಏನೂ ಇಲ್ಲದೆ ಅವರು ರಸ್ತೆಯನ್ನೇ ನಕಲು ಮಾಡಲು ಹೊರಟರು. ತಿಂಗಳಿಗೆರಡು ಸಲ ಅಣ್ಣನನ್ನು ನೋಡಲು ಲಕ್ಷ್ಮೇಶ್ವರಕ್ಕೆ ಹೋಗುವರು. ಆಗಿನವು ಖಾಸಗಿ ಧಣಿಗಳ ಬಸ್ಸುಗಳು. ಯುದ್ಧದ ಕಾಲದಲ್ಲಿ ಹಿಂದೆ ಇದ್ದಲಿ ಒಲೆ ಕಟ್ಟಿಕೊಂಡು ಓಡಲು ಕಲಿತವು ಇನ್ನೂ ಅದೇ ಹೊಗೆಯಲ್ಲಿ ಏದುತ್ತಿದ್ದವು. ಮಾವನವರ ಜಾಗ ಡ್ರೈವರನ ಹಿಂದಿನ ಸೀಟು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನೋಟ್‌ಬುಕ್ಕು. ಚಕ್ಕಡಿಗೆ ದಾರಿ ಬಿಡದೆ ಮುನ್ನುಗ್ಗಿದರೆ ಕೊಡೆಯ ಹಿಡಿಕೆಯಿಂದ ಡ್ರೈವರನ ಭುಜ ತಟ್ಟುವರು.

“ಯಾಕ ತಮ್ಮಾ, ಅಂವನ ಮನ್ಯಾಗೂ ಹೇಂತಿ ಮಕ್ಕಳು ಹಾದಿ ನೋಡ್ತಿರ್ತಾರಿಲ್ಲೋ?”

ದಾರಿ ಬಿಟ್ಟರೆ ಅದಕ್ಕೂ ಬಿಡುವವರಲ್ಲ. “ಛಲೋ ಆತು, ನಮಸ್ಕಾರ!” ಎಂದು ಎದ್ದು ನಿಂತು ಕೈಮುಗಿಯುವರು. ಬಸ್ಸು ಗುಂಡಿಗೆ ಬಿದ್ದು ನೆಗೆದಾಗ ಆ ನಮಸ್ಕಾರ ಎಷ್ಟೋ ಸಲ ಸಾಷ್ಟಾಂಗವಾಗಿದೆ!

ಈ ಶಿಸ್ತು ರಸ್ತೆಯಲ್ಲೇ ಉಳಿದಿದ್ದರೆ ನಾವು ಬದುಕುತ್ತಿದ್ದೆವು. ಮನೆಯಲ್ಲೂ ಪಡಸಾಲೆಯಿಂದ ಅಡಿಗೆಮನೆಗೆ ತಿರುಗುವಲ್ಲಿ ಎರಡು ಸಲ ಕೆಮ್ಮುವರು. ಅದು ಹಾರ್ನು. ಎದುರಿಗೆ ತುಂಬಿದ ಕೊಡ ಹೊತ್ತವರು ಬಂದರೆ ಗೋಡೆಗೆ ಅಂಟಿ ನಿಲ್ಲುವರು.

“ಭಾರ ಹೊತ್ತವ್ರಿಗೆ ಮೊದಲ ಹಾದಿ,” ಎನ್ನುವರು.

“ಹೌದ್ರಿ, ನಿಮ್ಮ ಸಂಸಾರ ಹೊತ್ತು ನಲವತ್ತು ವರ್ಷಾತು, ನನಗೆಲ್ಲಿ ಹಾದಿ ಬಿಟ್ಟೀರಿ?” ಎಂದು ಅತ್ತೆಯವರು ಒಲೆಯ ಮುಂದಿನಿಂದಲೇ ಕೇಳುವರು. ಮಾವನವರು ಗೋಡೆಗೆ ಇನ್ನಷ್ಟು ಅಂಟಿಕೊಳ್ಳುವರು.

ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡದ್ದು ಮನೆಗೆ ಬಂದ ಮೇಲೆ ಅರ್ಜಿಯಾಗುತ್ತಿತ್ತು. ಯಾರಿಗೆ ಅರ್ಜಿ? ಅದೇ ಕಷ್ಟ! ಗದಗು ಇಂಗ್ರೇಜಿ ಸರಕಾರದ್ದು, ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಇನ್ನೊಂದರದು. ಬಸ್ಸಿಗೆ ಇದರ ಖಬರೇ ಇಲ್ಲ. ಒಂದೇ ಹೊತ್ತಿನಲ್ಲಿ ಎರಡು ರಾಜ್ಯ ದಾಟಿ ಹೋಗುತ್ತಿತ್ತು. ಒಮ್ಮೆ ಗಡಿಯ ಕಲ್ಲಿನ ಹತ್ತಿರ ಡ್ರೈವರೊಬ್ಬ ಎತ್ತಿನ ಹಿಂದೆ ಹೋಗಿ ಜೋರಾಗಿ ಹಾರ್ನು ಹೊಡೆದ. ಎತ್ತು ಬೆದರಿ ಓಡಿತು. ಮಾವನವರು ಎರಡು ದಿನ ತಲೆ ಕೆಡಿಸಿಕೊಂಡರು.

“ಹಾರ್ನ್ ಹೊಡದದ್ದು ಇಂಗ್ರೇಜಿ ಸರಕಾರದಾಗ, ತಂಗಿ. ಎತ್ತು ಬೆದರಿದ್ದು ಸಂಸ್ಥಾನದಾಗ. ಎರಡು ಅರ್ಜಿ ಬರಿ!”

ಬರೆಯುವವಳು ನಾನು. ಅವರ ಕಣ್ಣಿಗೆ ಪೊರೆ ಬರತೊಡಗಿತ್ತು, ದೂರದ್ದು ಕಂಡರೂ ಹತ್ತಿರದ ಅಕ್ಷರ ಮಂಜಾಗುತ್ತಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದ ಸೊಸೆ, ಅಕ್ಷರ ದುಂಡಗಿದ್ದವು. ಒಮ್ಮೆ ಮುಂಡರಗಿ ಕಡೆಗೆ ಹೋದವರು ಕೊರ್ಲಹಳ್ಳಿಯ ದಂಡೆಯಲ್ಲಿ ನಿಂತು, ತುಂಗಭದ್ರೆಯ ಆಚೆ ದಂಡೆಯಲ್ಲಿ ಒಂದು ಲಾರಿ ಧೂಳೆಬ್ಬಿಸಿ ಹೋದದ್ದನ್ನು ನೋಡಿ ಬಂದರು. ಆಚೆಯ ದಂಡೆ ಮದ್ರಾಸಿನದು. ಮದ್ರಾಸಿಗೂ ಬರೆಸಿದರು!

ಆದರೆ ಯಾವ ಅರ್ಜಿಗೂ ಉತ್ತರ ಬರಲಿಲ್ಲ. ಒಂದಕ್ಕೂ. ಟಪಾಲಿನವನು ಓಣಿಗೆ ಬರುವ ಹೊತ್ತಿಗೆ ಮಾವನವರು ಕಟ್ಟೆಯ ಮೇಲೆ ಕೂತಿರುವರು. ಅವನು ದೂರದಿಂದಲೇ “ಏನೂ ಇಲ್ರೀ ರಾಯರ” ಎನ್ನುವನು. ಇವರು “ಇರ್ಲಿ ಬಿಡಪಾ, ಸರಕಾರಕ್ಕ ಏನ್ ಒಂದ ಕೆಲಸ ಇರ್ತದೇನು?” ಎಂದು ಅವನಿಗೇ ಸಮಾಧಾನ ಹೇಳಿ ಒಳಗೆ ಬರುವರು. ದಿನಾ ಅದನ್ನು ನೋಡಿ, ಹೇಗಾದರೂ ಒಂದು ಉತ್ತರ ಬರಿಸಬೇಕೆಂದು ನನಗೆ ಅನಿಸುತ್ತಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಮಳೆಗಾಲದಲ್ಲಿ, ಲಕ್ಷ್ಮೇಶ್ವರದಿಂದ ಬಂದವರೇ ಕೊಡೆ ಮಡಚುವ ಮೊದಲು “ಕಾಗದ ತಗೊಂಡು ಬಾ ತಂಗಿ” ಎಂದರು. ಮುಳಗುಂದ ದಾಟಿ ಸಂಸ್ಥಾನದ ಹದ್ದಿನೊಳಗೆ, ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತ ಒಬ್ಬ ಮುದುಕಿ ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದಳು. ಬಸ್ಸು ಎರೆ ಮಣ್ಣಿನ ರಾಡಿ ಸಿಡಿಸಿಕೊಂಡು ಹೋಯಿತು. ಮುದುಕಿ ಹೆದರಿ ಸರಿದು ತಗ್ಗಿಗೆ ಬಿದ್ದಳು, ಬದನೆಕಾಯಿ ರಸ್ತೆಯ ತುಂಬ. ಇವರು ಕೊಡೆಯಿಂದ ತಟ್ಟಿ ಬಸ್ಸು ನಿಲ್ಲಿಸಿ, ಇಳಿದು, ಮಂಡಿಯೂರಿ ಅಷ್ಟೂ ಬದನೆಕಾಯಿ ಆರಿಸಿ ಕೊಟ್ಟು ಬಂದಿದ್ದರು. ಡ್ರೈವರು ಮುಳಗುಂದದ ದಾವಲಸಾಬ ಎಂಬವನು. ಅವನನ್ನು ನಾನು ನೋಡಿದವಳೇ ಅಲ್ಲ.

ಮಾವನವರು ಹೇಳಿದರು, ನಾನು ಬರೆದೆ. ‘ಚಾಲಕನು ರಾಡಿ ಸಿಡಿಸಿದನು. ಮುದುಕಿ ಬಿದ್ದಳು.’ ಅಷ್ಟೇ. ಉಪ್ಪಿಲ್ಲದ ಸಾರು! ಇಂಥ ಅರ್ಜಿ ಓದಿ ಯಾವ ಸಾಹೇಬ ಉತ್ತರ ಬರೆದಾನು ಹೇಳಿ? ಶುದ್ಧಪ್ರತಿ ಮಾಡುವಾಗ ನಾನು ಒಂದು ಚಿಟಿಕೆ ಹಾಕಿದೆ. ‘ಬಿದ್ದವಳನ್ನು ನೋಡಿ ಚಾಲಕನು ನಕ್ಕನು.’ ಕೆಳಗೆ ಎಂದಿನಂತೆ ‘ಅಸಲಿನಂತೆ ನಕಲು ಇದೆ’ ಎಂದು ಬರೆದು ಅವರ ಕೈಯನ್ನು ಸಹಿಯ ಜಾಗದಲ್ಲಿಟ್ಟೆ. ಅವರು ಸಹಿ ಮಾಡಿದರು. ನನ್ನ ಮೇಲೆ ಅಷ್ಟು ವಿಶ್ವಾಸ.

ಅದಕ್ಕೂ ಉತ್ತರ ಬರಲಿಲ್ಲ. ನಾನೂ ಮರೆತೆ.

ಆಮೇಲೆ ಆದದ್ದು ಕೇಳಿ. ಮುಂದಿನ ಸಲದ ಪ್ರಯಾಣದಲ್ಲಿ ದಾವಲಸಾಬ ತಾನಾಗಿ ಮಾತು ತೆಗೆದನಂತೆ. “ಆ ಮುದುಕಿ ಬಿದ್ದದ್ದ ನಾ ನೋಡಿದ್ದಿಲ್ರೀ ರಾಯರ. ನೋಡಿದ್ರ ನಾನ ಇಳೀತಿದ್ದೆ.” ಅಂದಿನಿಂದ ಅವನು ಮಾವನವರ ಪಟ್ಟಶಿಷ್ಯ. ಚಕ್ಕಡಿ ಕಂಡರೆ ಬಸ್ಸು ನಿಲ್ಲಿಸುವನು, ಹೊರೆ ಹೊತ್ತವರು ಕಂಡರೆ ಇಳಿದು ತಲೆಗೆ ಏರಿಸಿಕೊಡುವನು, ಸಂತೆಯ ದಿನ ಆ ಮುದುಕಿಯನ್ನು ಬುಟ್ಟಿಸಮೇತ ಪುಕ್ಕಟೆ ಕರೆದೊಯ್ಯುವನು. ಅವನ ಸೌಜನ್ಯ ಎಷ್ಟು ಹೆಚ್ಚಿತೆಂದರೆ, ಬಸ್ಸು ಹೊತ್ತಿಗೆ ಸರಿಯಾಗಿ ಊರು ಮುಟ್ಟುವುದೇ ಇಲ್ಲವೆಂದು ಪ್ರಯಾಣಿಕರೇ ಧಣಿಗೆ ತಕರಾರು ಹೇಳಿದರು! ಮಾವನವರ ನೋಟ್‌ಬುಕ್ಕಿನಲ್ಲಿ ‘ಛಲೋ’ ಎಂಬ ಮಾತು ಮೂರು ಪುಟ ತುಂಬಿತು. ಎಲ್ಲವೂ ಅವನ ಹೆಸರಿನ ಮುಂದೆ.

ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಕರಗಿ ಮುಂಬಯಿ ಸರಕಾರದಲ್ಲಿ ಕೂಡಿದವು. ಹಳೆಯ ಕಚೇರಿಗಳ ಕಾಗದದ ಗಂಟುಗಳು ಗದಗಿನ ದಾರಿ ಹಿಡಿದವು. ಅದೇ ವೇಳೆಗೆ ಬಸ್ಸುಗಳನ್ನು ಸರಕಾರವೇ ಓಡಿಸುವುದೆಂದಾಗಿ, ಹಳೆಯ ಡ್ರೈವರುಗಳಲ್ಲಿ ಒಳ್ಳೆಯವರನ್ನು ಆರಿಸುತ್ತಿದ್ದರು. ದಾವಲಸಾಬನೂ ಅರ್ಜಿ ಹಾಕಿದ್ದ. ಖಾಕಿ ಅಂಗಿ ಹೊಲಿಸಿಯೂ ಆಗಿತ್ತಂತೆ.

ಆಗ ಬಂತು ನೋಡಿ ಉತ್ತರ! ಇಷ್ಟು ವರ್ಷದಲ್ಲಿ ಮೊದಲನೆಯದು. ಟಪಾಲಿನವನು ಓಣಿಯ ತಿರುವಿನಿಂದಲೇ “ಬಂತ್ರೀ ರಾಯರ, ಬಂತು!” ಎಂದು ಕೂಗಿಕೊಂಡು ಓಡಿ ಬಂದ. ಮಾವನವರು ಎದ್ದು ನಿಂತು ಎರಡೂ ಕೈಯಿಂದ ಇಸಿದುಕೊಂಡರು. ನಾನು ಓದಿದೆ. ದಾವಲಸಾಬನ ಮೇಲೆ ನೀವು ಸಂಸ್ಥಾನಕ್ಕೆ ಕೊಟ್ಟ ತಕರಾರು ಹಳೆಯ ಗಂಟಿನಲ್ಲಿ ಸಿಕ್ಕಿದೆ, ಅದರ ಚೌಕಶಿಗೆ, ಎಂದರೆ ವಿಚಾರಣೆಗೆ, ಹಾಜರಾಗಬೇಕು ಎಂದಿತ್ತು. ಓದುತ್ತ ಓದುತ್ತ ನಾನು ಹಾಕಿದ ಆ ಚಿಟಿಕೆ ಉಪ್ಪು ನೆನಪಾಯಿತು.

“ರಾಡಿ ಸಿಡಿಸಿದ್ದಕ್ಕ ತಾಕೀದು ಕೊಟ್ಟು ಬಿಡ್ತಾರ. ನಾನs ಹೇಳ್ತೀನಿ, ಅಂವ ಈಗ ಹುಡುಕಿದ್ರೂ ಸಿಗಲಾರದಂಥಾ ಡ್ರೈವರ್ ಅಂತ,” ಎಂದರು ಮಾವನವರು. ಕಣ್ಣು ಕಾಣದ್ದಕ್ಕೆ ನನ್ನ ಭುಜ ಹಿಡಿದುಕೊಂಡು ಕಚೇರಿಗೆ ನಡೆದರು. ದಾರಿಯಲ್ಲಿ ಹೇಳಬಹುದಿತ್ತು ನಾನು. ಹೇಳಲಿಲ್ಲ.

ಕಚೇರಿಯಲ್ಲಿ ದಾವಲಸಾಬ ಆ ಹೊಸ ಖಾಕಿ ಅಂಗಿ ತೊಟ್ಟು ನಿಂತಿದ್ದ. ನಾನು ಅವನನ್ನು ಮೊದಲ ಸಲ ನೋಡಿದ್ದು ಅಲ್ಲಿ. ಬಡಕಲು ಮನುಷ್ಯ, ಮುಖ ಗಂಭೀರ. ಸಾಹೇಬರು ನನ್ನ ದುಂಡು ಅಕ್ಷರದ ಕಾಗದ ಬಿಚ್ಚಿ ಓದಿದರು. ‘ನೋಡಿ ನಕ್ಕನು’ ಎಂಬಲ್ಲಿಗೆ ಬಂದು ನಿಲ್ಲಿಸಿದರು.

“ನಿಷ್ಕಾಳಜಿ ಯಾರಿಗೂ ಆಗ್ತೈತಿ. ಆದ್ರ ಬಿದ್ದವ್ರನ್ನ ನೋಡಿ ನಗಾಂವನ ಕೈಯಾಗ ಸರಕಾರದ ಗಾಡಿ ಹೆಂಗ ಕೊಡೋದು?”

ಮಾವನವರು ಥಟ್ಟನೆ ನನ್ನ ಕಡೆಗೆ ತಿರುಗಿದರು. ಆ ಮಂಜು ಕಣ್ಣಿಗೆ ಏನು ಕಂಡಿತೋ.

ದಾವಲಸಾಬ ಮಾತ್ರ ಮಾವನವರನ್ನೇ ನೋಡಿದ. “ನಾ ನಕ್ಕಿದ್ನೇನ್ರಿ ರಾಯರ?” ಎಂದ. ಆಮೇಲೆ ತಾನೇ ತಲೆ ಬಗ್ಗಿಸಿದ. “ನಕ್ಕಿರಬೇಕ್ರೀ ಸಾಹೇಬ್ರ. ನನಗ ನೆಪ್ಪಿಲ್ಲ. ಆದ್ರ ರಾಯರ ಬರದಾರಂದ್ರ ಅದು ಖರೇನ ಇರ್ತೈತಿ.”

“ಇಲ್ಲ!” ಎಂದರು ಮಾವನವರು. “ಅಂವ ನಕ್ಕಿಲ್ಲ. ಆ ಮಾತು ನಾನs ಸುಳ್ಳು ಬರಸಿದ್ದು.”

ಸಾಹೇಬರು ಬೇಸರದಿಂದ ನಕ್ಕರು. “ದೋಸ್ತನ್ನ ಉಳಸಾಕ ಈಗ ಸುಳ್ಳು ಹೇಳಬ್ಯಾಡ್ರಿ ರಾಯರ. ಈ ವಯಸ್ಸಿನ್ಯಾಗ ಶೋಭಿಸಂಗಿಲ್ಲ. ಅಂವನೇ ಒಪ್ಪಿಕೊಂಡಾನಲ್ಲ?”

ನಮ್ಮ ಮಾವನವರು ಜನ್ಮದಲ್ಲಿ ಒಂದೇ ಒಂದು ಸುಳ್ಳು ಹೇಳಿದರು, ನನಗಾಗಿ. ಅದನ್ನೂ ಯಾರೂ ನಂಬಲಿಲ್ಲ. ನಾನು ಬಾಗಿಲ ಹತ್ತಿರ ಸೆರಗು ಹಿಡಿದುಕೊಂಡು ನಿಂತಿದ್ದೆ. ಮೂರು ಮಾತು ಆಡಿದ್ದರೆ ಮುಗಿಯುತ್ತಿತ್ತು. ಸಾಹೇಬರ ಮುಂದೆ, ಅಷ್ಟು ಗಂಡಸರ ಮುಂದೆ, ನನ್ನ ಬಾಯೇ ಏಳಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಬಾಯಿ ಇದು!

ಹೊರಗೆ ಬಂದು ರಸ್ತೆಯಲ್ಲೇ ಅತ್ತುಬಿಟ್ಟೆ. “ಮಾವನವರ, ಆ ಮಾತು…”

“ಗೊತ್ತದ. ಅಳಬ್ಯಾಡ. ಹಿಂದ ಚಕ್ಕಡಿ ಬರ್ಲಿಕ್ಕೆ ಹತ್ಯಾವ, ಬಾಜೂಕ ಸರಿ,” ಎಂದರು.

ಅಂದಿನಿಂದ ನೋಟ್‌ಬುಕ್ಕು ಅಟ್ಟದ ಮೇಲೆ ಹೋಯಿತು. ಅಡಿಗೆಮನೆಯ ತಿರುವಿನಲ್ಲಿ ಕೆಮ್ಮುವುದೂ ನಿಂತಿತು. ಅತ್ತೆಯವರು ಒಂದೆರಡು ಸಲ ತಾವೇ ಕೆಮ್ಮಿ ನೋಡಿದರು, ಅವರು ನಗಲಿಲ್ಲ. ಕೆಲಸ ಸಿಗದ ದಾವಲಸಾಬ ಹತ್ತಿಯ ಚಕ್ಕಡಿ ಹೊಡೆಯತೊಡಗಿದ. ಸರಕಾರಿ ಬಸ್ಸುಗಳು ಅವನ ಮೇಲೆ ರಾಡಿ ಸಿಡಿಸಿ ಹೋಗುತ್ತಿದ್ದವು. ಬೆಟಗೇರಿಗೆ ಬಂದಾಗಲೆಲ್ಲ ಚಕ್ಕಡಿ ನಿಲ್ಲಿಸಿ, ಕಟ್ಟೆಯ ಮೇಲಿನ ಮಾವನವರಿಗೆ ಸಲಾಮು ಮಾಡಿ ಹೋಗುವನು.

ಕರ್ನಾಟಕ ಒಂದಾದ ವರ್ಷ, ಓಣಿಯಲ್ಲಿ ಪೇಡೆ ಹಂಚಿದ ಮರುದಿನ, ಮಾವನವರು ಎಷ್ಟೋ ವರ್ಷದ ಮೇಲೆ ಕರೆದರು. “ತಂಗಿ, ಕಾಗದ ತಗೊಂಡು ಬಾ. ಈಗ ಎಲ್ಲಾ ಒಂದs ಸರಕಾರ, ನಮ್ಮ ಭಾಷಾದ್ದು. ಇನ್ನೊಮ್ಮೆ ಕೇಳಿ ನೋಡೋಣು.” ದಾವಲಸಾಬನನ್ನು ಸರಕಾರಿ ಬಸ್ಸಿನ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಅರ್ಜಿ. ‘ಅವನು ನಗಲಿಲ್ಲ’ ಎಂದು ಹೇಳಿಸಿದರು. ನಾನು ಅಕ್ಷರ ಅಕ್ಷರ ಹಾಗೆಯೇ ಬರೆದೆ. ‘ಅಸಲಿನಂತೆ ನಕಲು ಇದೆ’ ಎಂದು ಬರೆದು ಅವರ ಕೈ ಹಿಡಿಯಲು ಹೋದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

“ನೀನs ಸಹಿ ಹಾಕು. ಬರದಾಕಿ ನೀನು. ಇನ್ನ ನಿನ್ನ ಸಹಿ ನಡೀತದ.”

ಹಾಕಿದೆ. ಕಣ್ಣೀರು ಬಿದ್ದು ಶಾಯಿ ಕದಡಿತು.

ಅದಕ್ಕೆ ದಾವಲಸಾಬನ ಹೆಬ್ಬೆಟ್ಟೂ ಬೇಕಿತ್ತು. ಕರೆಸಿ ಓದಿ ಹೇಳಿದೆ. ಅವನು ಕೈ ಹಿಂದೆ ಕಟ್ಟಿಕೊಂಡ. “ರಾಯರ ಮದಲಿನ ಕಾಗದ ಸುಳ್ಳ ಅಂತ ನಾ ಹೆಬ್ಬಟ್ಟ ಒತ್ತಂಗಿಲ್ರೀ ಅಕ್ಕಾರ.”

ಆಗ ಹೇಳಿದೆ. ಕಡೆಗೂ ಬಾಯಿಬಿಟ್ಟು ಹೇಳಿದೆ. “ಅದನ್ನ ರಾಯರು ಬರಸಿದ್ದಲ್ಲ ದಾವಲಸಾಬ. ನಾ ಸೇರಿಸಿದ್ದು. ನೀ ನಕ್ಕಿದ್ದಿಲ್ಲ. ನಿನ್ನ ಮಾರೀನೂ ನಾ ನೋಡಿದ್ದಿಲ್ಲ.”

ಅವನು ನನ್ನನ್ನು ನೋಡಿದ, ಕಟ್ಟೆಯ ಮೇಲಿನ ಮಾವನವರನ್ನು ನೋಡಿದ. ಆಮೇಲೆ ನಕ್ಕ. ಹಲ್ಲೆಲ್ಲ ಕಾಣುವ ಹಾಗೆ, ಮೈಯೆಲ್ಲ ಅಲುಗುವ ಹಾಗೆ ನಕ್ಕ.

“ಸೊಸಿ ಅಂದ್ರ ಹಿಂಗ ಇರಬೇಕ್ ನೋಡ್ರಿ ರಾಯರ! ಮಾವನ ತಪ್ಪು ತನ್ನ ಮ್ಯಾಲ ತಗೊಂತಾಳ!”

ಹೆಬ್ಬೆಟ್ಟು ಒತ್ತದೆಯೇ ಚಕ್ಕಡಿ ಹತ್ತಿ ಹೋದ.

ಈ ಬರಹದಲ್ಲಿ ಅಲ್ಲಲ್ಲಿ ಉಪ್ಪು ಹೆಚ್ಚು ಬಿದ್ದಿದೆ. ಶಾಯಿಯ ಕಲೆ, ಮದ್ರಾಸಿನ ಅರ್ಜಿ, ಅವನ್ನೆಲ್ಲ ನೀವು ನಂಬಲೇಬೇಕೆಂದಿಲ್ಲ. ದಾವಲಸಾಬ ನಕ್ಕದ್ದನ್ನು ಮಾತ್ರ ನಂಬಿರಿ. ಅವನ ನಗು ಜನ್ಮದಲ್ಲಿ ನಾನು ಕಂಡದ್ದು ಆ ಒಂದೇ ಸಲ. ಅದನ್ನು ನನ್ನ ಕಣ್ಣಾರೆ ನೋಡಿ ಬರೆದಿದ್ದೇನೆ. ಸಹಿ ನನ್ನದು.