ರಾಗಿ ಗುಂಡಿನ ಗಮ್ಮತ್ತು

"ಒಂದೇ ತಿಂಗಳು! ಜಾನ್ಸ್ ಕ್ರೀಕಿನಲ್ಲಿ ನನ್ನಂಥ ಗುರಿಕಾರ ಇನ್ನೊಬ್ಬ ಇಲ್ಲ ಅನ್ನಿಸಿಕೊಳ್ಳದಿದ್ದರೆ ನನ್ನ ಹೆಸರು ತ್ಯಾಗರಾಜನೇ ಅಲ್ಲ!"

ಊಟದ ಮೇಜನ್ನು ಗುದ್ದಿ ನಾನು ಹೀಗೆ ಭೀಕರ ಶಪಥ ಮಾಡಿದಾಗ ಸಾರಿನ ಬಟ್ಟಲು ಎಗರಿ ನನ್ನ ಅಂಗಿಯ ಮೇಲೇ ಬಿತ್ತು. ನನ್ನ ಹೆಂಡತಿ ಹರಿಣಿ ಕಾಗದದ ಟವೆಲ್ಲು ಚಾಚುತ್ತಾ ಶಾಂತವಾಗಿ ಹೇಳಿದಳು:

"ಹೆಸರು ಬದಲಾಯಿಸೋದಿದ್ರೆ ಈಗ್ಲೇ ಹೇಳಿಬಿಡಿ. ಹೇಗೂ ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಬೇಕು."

ಶಪಥಕ್ಕೆ ಕಾರಣ ನಮ್ಮ ಆಫೀಸಿನ ಪ್ರತಾಪ್. ಬೇರೆ ಆಫೀಸಿನವರು ಟೀಮ್ ಔಟಿಂಗ್ ಎಂದರೆ ಬೌಲಿಂಗಿಗೆ ಹೋಗುತ್ತಾರೆ. ನಮ್ಮ ಮ್ಯಾನೇಜರು ಇದೇ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿ ಬೆಳೆದವನು, ಬಂದೂಕಿನ ಹುಚ್ಚ. ನಮ್ಮನ್ನೆಲ್ಲ ಶೂಟಿಂಗ್ ರೇಂಜಿಗೆ ಕರೆದೊಯ್ದ. ಅಲ್ಲಿ ನಾನು ಹಾರಿಸಿದ್ದೆಲ್ಲ ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು. ಕೊನೆಗೆ ಪ್ರತಾಪ್ ನನ್ನ ಗುರಿಯ ಹಾಳೆಯನ್ನು ಬೆಳಕಿಗೆ ಹಿಡಿದು, "ಸಾರ್, ಇದನ್ನ ಅಂಗಡಿಗೆ ವಾಪಸ್ ಕೊಡಬಹುದು. ಹೊಚ್ಚ ಹೊಸದು!" ಎಂದ. ಪಕ್ಕದ ಸಾಲಿನ ಅಜ್ಜಿಯೊಬ್ಬಳು ಬೇರೆ ಬಂದು ನನಗೆ ಥ್ಯಾಂಕ್ಸ್ ಹೇಳಿದಳು. ಅವಳ ಹಾಳೆಯಲ್ಲಿ ಅವಳು ಹೊಡೆದದ್ದಕ್ಕಿಂತ ಹೆಚ್ಚು ತೂತುಗಳಿದ್ದವಂತೆ!

ಮುಂದಿನ ಔಟಿಂಗ್ ಬರುವುದರೊಳಗೆ ನಾನು ಪಳಗಲೇಬೇಕಿತ್ತು. ಆದರೆ ಹರಿಣಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು: "ನಿಜವಾದ ಬಂದೂಕು ಈ ಮನೆಗೆ ಬಂದ ದಿನ ನಾನು ಮೈಸೂರಿಗೆ ಹೊರಟೆ."

ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ.

"ಏನ್ರೀ ಅಷ್ಟೊಂದು ಯೋಚನೆ ಮಾಡ್ತಿದ್ದೀರಿ?"

"ಏನಿಲ್ಲ, ಏನಿಲ್ಲ!" ಎಂದು ತಡಬಡಿಸಿ ಒಪ್ಪಿಕೊಂಡೆ.

ಹಾಗಾಗಿ ನನ್ನ ಪಾಲಿಗೆ ಬಂದದ್ದು, ಗರಾಜ್ ಸೇಲಿನಲ್ಲಿ ಸಿಕ್ಕ, ಮೂತಿಗೆ ಕಿತ್ತಳೆ ಬಣ್ಣ ಬಳಿದ ಆಟದ ಪಿಸ್ತೂಲು. ಸ್ಪ್ರಿಂಗ್ ಎಳೆದು ಬಿಟ್ಟರೆ ಬಟಾಣಿ ಗಾತ್ರದ ಪ್ಲಾಸ್ಟಿಕ್ ಗುಂಡು ಹಾರುತ್ತದೆ. ಸೊಳ್ಳೆಗೆ ತಗುಲಿದರೆ ಸೊಳ್ಳೆ ತಿರುಗಿ ನೋಡಬಹುದು, ಅಷ್ಟೇ. ಬೇಸ್‌ಮೆಂಟಿನಲ್ಲಿ ಹಳೇ ಅಕ್ಕಿ ಚೀಲ ನೇತುಹಾಕಿ, ಅದರ ಮೇಲೆ ವೃತ್ತ ಬರೆದು ಅಭ್ಯಾಸಕ್ಕೆ ಇಳಿದೆ. ಆದರೆ ಆ ಪ್ಲಾಸ್ಟಿಕ್ ಗುಂಡುಗಳು ಚೀಲ ಒಂದನ್ನು ಬಿಟ್ಟು ಗೋಡೆ, ಪೈಪು, ಹೀಟರು ಎಲ್ಲಕ್ಕೂ ಬಡಿದು ಟಕಾಟಕಾ ಎಂದು ತಾಳಮದ್ದಲೆ ಶುರು ಮಾಡಿದವು. ಮೇಲಿನಿಂದ ಹರಿಣಿ ಇಳಿದು ಬಂದಳು.

"ನೋಡಿ, ನೀವು ಇಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ. ಶನಿವಾರ ನನ್ನ ಕ್ಲಾಸಿಗೆ ಮಾತ್ರ ತೊಂದರೆ ಆಗ್ಬಾರದು."

ಆ ಕ್ಲಾಸಿನ ವಿಷಯ ಹೇಳಲೇಬೇಕು. ಲಾಕ್‌ಡೌನಿನಲ್ಲಿ ಜೂಮ್ ಮೇಲೆ ನಾಲ್ಕಾರು ಮಕ್ಕಳಿಗೆ ಅಆಇಈ ಹೇಳಿಕೊಡಲು ಶುರು ಮಾಡಿದವಳು ಹರಿಣಿ. ಈಗ ಶನಿವಾರ ಬೆಳಗಾದರೆ ನಮ್ಮ ಲಿವಿಂಗ್ ರೂಮ್ ತುಂಬ ಮಕ್ಕಳು, ಬಾಗಿಲಲ್ಲಿ ಪುಟ್ಟ ಪುಟ್ಟ ಶೂಗಳ ರಾಶಿ. ವಾರವೆಲ್ಲ ಡೇಟಾಬೇಸಿನ ಮುಂದೆ ಮುಖ ಗಂಟಿಕ್ಕಿ ಕೂರುವ ಅವಳು ಅವತ್ತೊಂದು ದಿನ ಹಾಡುತ್ತಾ ಏಳುತ್ತಾಳೆ. ಆ ಕ್ಲಾಸೆಂದರೆ ಅವಳಿಗೆ ಪ್ರಾಣ. ಅದಕ್ಕೆ ಕುತ್ತು ಬಂದರೆ ನನ್ನ ಪ್ರಾಣಕ್ಕೂ ಕುತ್ತು!

ಹೀಗಾಗಿ ನಾನು ನಿಶ್ಶಬ್ದ ಗುಂಡಿನ ಸಂಶೋಧನೆಗೆ ಕೈಹಾಕಿದೆ. ಕಡಲೆಹಿಟ್ಟು ಪುಡಿಪುಡಿಯಾಯಿತು. ಸಬ್ಬಕ್ಕಿ ನಳಿಗೆಯೊಳಗೇ ಸಂಸಾರ ಹೂಡಿತು. ಚಪಾತಿ ಹಿಟ್ಟು ಹೊರಗೆ ಬಂದಿತಾದರೂ ನೂಲಿನಂತೆ ಬಂತು. ಕೊನೆಗೆ ಕೈಹಿಡಿದವಳು ನಮ್ಮ ರಾಗಿ! ರಾಗಿ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ, ಉಂಡೆ ಕಟ್ಟಿ, ಒಣಗಲು ಇಟ್ಟು ಹೊಡೆದರೆ ಚೀಲಕ್ಕೆ ಬಡಿದರೂ ಗೋಡೆಗೆ ಬಡಿದರೂ 'ಪುಸ್' ಎಂಬುದಕ್ಕಿಂತ ಜಾಸ್ತಿ ಸದ್ದಿಲ್ಲ. ಮುದ್ದೆ ತಿಂದು ಬೆಳೆದ ವಂಶದವನು ಮುದ್ದೆಯನ್ನೇ ಮದ್ದುಗುಂಡು ಮಾಡಿದೆನಲ್ಲ ಎಂದು ಎದೆಯುಬ್ಬಿತು.

ಆ ಶನಿವಾರ ನಾನು ಅಡುಗೆಮನೆಯಲ್ಲಿ ತಟ್ಟೆ ತುಂಬ ಉಂಡೆ ಕಟ್ಟುತ್ತಾ ನಿಂತಿದ್ದೆ. ಕ್ಲಾಸಿನ ನಡುವೆ ಹರಿಣಿ ಮಕ್ಕಳಿಗೆ ಬಿಡುವು ಕೊಟ್ಟಿದ್ದಳು. ಏಳು ವರ್ಷದ ಅಕ್ಷಯಾ ಜ್ಯೂಸು ಕುಡಿಯಲು ಬಂದವಳು ತಟ್ಟೆಯನ್ನು ನೋಡಿದಳು.

"ಅಂಕಲ್, ವಾಟ್ ಈಸ್ ದಿಸ್? ಲಡ್ಡು?"

"ಲಡ್ಡು ಅಲ್ಲ ಪುಟ್ಟಿ, ಗುಂಡು."

ಅವಳ ಮುಖ ಅರಳಿತು. "ಗು, ಗುಂಡು! ಆಂಟಿ ಟುಡೇ ಟೀಚ್ ಮಾಡಿದ್ರು! ನೀವು ಗುಂಡು ಏನು ಮಾಡ್ತೀರಾ?"

"ಬೇಸ್‌ಮೆಂಟಲ್ಲಿ ಹಾಕ್ತೀನಿ. ಆಫೀಸ್ ಕೆಲಸ ಮುಗೀತು ಅಂದ್ರೆ ದಿನಾ ಹಾಕ್ತೀನಿ."

"ಹೌ ಮೆನಿ?"

"ಲೆಕ್ಕ ಯಾರು ಇಡ್ತಾರೆ!"

"ಐ ವಾಂಟ್ ಒನ್ ಗುಂಡು!"

"ಅಯ್ಯೋ ಬೇಡಮ್ಮ! ದೊಡ್ಡೋಳಾದ್ಮೇಲೆ ಹಾಕುವೆಯಂತೆ."

ಮಗು ಜಾಣೆ. ಕಲಿತ ಪದವನ್ನು ಮನೆಯಲ್ಲಿ ವಾಕ್ಯದಲ್ಲಿ ಬಳಸಬೇಕೆಂದು ಹರಿಣಿ ಹೋಮ್‌ವರ್ಕ್ ಕೊಟ್ಟಿದ್ದಳು. ಅಕ್ಷಯಾ ಅದನ್ನು ಚಾಚೂ ತಪ್ಪದೆ ಮಾಡಿದಳು.

ಸೋಮವಾರದಿಂದ ವಾಟ್ಸಾಪಿನಲ್ಲಿ ವಿಚಿತ್ರ ಮೆಸೇಜುಗಳು. ಒಬ್ಬರ ಮಗನಿಗೆ ಸಾಕರ್ ಅಂತೆ, ಇನ್ನೊಬ್ಬರ ಮಗಳಿಗೆ ಪಿಯಾನೋ ಅಂತೆ. ಕನ್ನಡ ಕ್ಲಾಸ್ ಮಕ್ಕಳೆಲ್ಲ ಒಂದೇ ವಾರದಲ್ಲಿ ಚಾಂಪಿಯನ್ನುಗಳಾಗಲು ಹೊರಟಿದ್ದರು! ಕೊನೆಗೆ ಅಕ್ಷಯಾಳ ತಾಯಿ ಕಾತ್ಯಾಯಿನಿ ಬರೆದರು: "ಸದ್ಯಕ್ಕೆ ನಮ್ಮ ಮಗಳನ್ನು ಕಳಿಸುವುದಿಲ್ಲ. ಮನೆಯ ವಾತಾವರಣ ಮುಖ್ಯ."

"ವಾತಾವರಣಕ್ಕೆ ಏನಾಗಿದೆ ರೀ? ಎಸಿ ಸರಿಯಾಗೇ ಇದೆಯಲ್ಲ?" ಎಂದು ಹರಿಣಿ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಸಂಕಟ ತಡೆಯದೆ ಬೇಸ್‌ಮೆಂಟಿಗೆ ಹೋಗಿ ಇನ್ನಷ್ಟು ಗುಂಡು ಹಾಕಿದೆ.

ಇತ್ತ ಅಮ್ಮಂದಿರು ದೂರವಾದರೆ ಅತ್ತ ಅಪ್ಪಂದಿರು ಹತ್ತಿರವಾಗತೊಡಗಿದರು. ಗುರುವಾರ ಸಂಜೆ ಕಸದ ಡಬ್ಬಿ ಹೊರಗಿಡುತ್ತಿದ್ದೆ. ಕಾತ್ಯಾಯಿನಿಯವರ ಪತಿ ಬದರಿನಾಥ ಕಾರನ್ನು ದೂರದಲ್ಲಿ ನಿಲ್ಲಿಸಿ, ಕಳ್ಳ ಬೆಕ್ಕಿನಂತೆ ಡ್ರೈವ್‌ವೇಗೆ ಬಂದರು. ಕೈಯಲ್ಲೊಂದು ಖಾಲಿ ಫ್ಲಾಸ್ಕು.

"ತ್ಯಾಗರಾಜ್, ನೀವು ಮನೇಲೇ ಗುಂಡು ತಯಾರಿಸ್ತೀರಂತೆ?" ಎಂದರು ಪಿಸುದನಿಯಲ್ಲಿ.

ಸುದ್ದಿ ಇಷ್ಟು ಬೇಗ ಹಬ್ಬಿತೇ! ನನ್ನ ಕಾಲು ನೆಲದಲ್ಲಿ ನಿಲ್ಲಲಿಲ್ಲ. "ಹೌದು ಸಾರ್. ಅಪ್ಪಟ ಸ್ವದೇಶಿ!"

"ಯಾವುದರಿಂದ?"

"ರಾಗಿ."

"ಆಹಾ! ಮನೆಯವರು ಗಲಾಟೆ ಮಾಡಲ್ವಾ?"

"ಗೊತ್ತಾದ್ರೆ ತಾನೇ ಸಾರ್? ಅವಳು ಮೇಲೆ ಕೂತಿರ್ತಾಳೆ, ನಾನು ಕೆಳಗೆ ಹಾಕ್ತಾನೇ ಇರ್ತೀನಿ. ಚೂರೂ ಸುಳಿವು ಸಿಗಲ್ಲ."

ಬದರಿನಾಥರ ಕಣ್ಣುಗಳಲ್ಲಿ ಭಕ್ತಿ ಮೂಡಿತು. "ಸ್ಟ್ರಾಂಗಾ?"

"ಮೈಲ್ಡು. ಪ್ರಾಕ್ಟೀಸಿಗೆ ಅಂತಾನೇ ಮಾಡಿರೋದು. ಇದರಲ್ಲಿ ಪಳಗಿದ್ಮೇಲೆ ಹೊರಗಡೆ ಹೋಗಿ ಸ್ಟ್ರಾಂಗ್ ಹಾಕಬಹುದು."

"ಕೈ ನಡುಗತ್ತಾ?"

"ಮೊದಮೊದಲು ನಡುಗತ್ತೆ. ಬಿಡದೇ ದಿನಾ ಹಾಕಿದ್ರೆ ತಾನಾಗೇ ನಿಲ್ಲತ್ತೆ."

"ಅನುಭವಸ್ಥರು ನೀವು!" ಎಂದು ಕೈ ಮುಗಿದು ಫ್ಲಾಸ್ಕು ಮುಂದೆ ಹಿಡಿದರು. ಗುಂಡು ಒಯ್ಯಲು ಫ್ಲಾಸ್ಕೇಕೆ ಎಂದು ಒಂದು ಕ್ಷಣ ಅನ್ನಿಸಿತು. ತೇವ ಆಗದಿರಲಿ ಎಂದಿರಬೇಕು, ಎಷ್ಟು ಮುಂದಾಲೋಚನೆ ಎಂದುಕೊಂಡು ಒಳಗಿಂದ ತಂದು ತುಂಬಿಸಿ ಕೊಟ್ಟೆ. ಅವರು ಇಣುಕಿ ನೋಡಿ ಹುಬ್ಬೇರಿಸಿದರು.

"ಇದೇನು, ಮಾತ್ರೆ ಥರ ಇದೆ?"

"ಒಣಗಿಸಿದ್ದೀನಿ ಸಾರ್. ಹಸೀದು ಹಾಕಿದ್ರೆ ಒಳಗೆಲ್ಲ ಅಂಟಿಕೊಳ್ಳತ್ತೆ."

ಬದರಿನಾಥ ಹೊಟ್ಟೆ ಸವರಿಕೊಂಡು, "ಏನೇ ಹೇಳಿ, ಸೈನ್ಸ್ ಓದಿದವರೇ ಬೇರೆ" ಎಂದು ಹೊರಟುಹೋದರು.

ಶನಿವಾರ ಬಂತು. ಹರಿಣಿ ಎಂದಿನಂತೆ ಬೋರ್ಡು ಒರೆಸಿ, ಹಾಳೆ ಜೋಡಿಸಿ ಕುಳಿತಳು. ಬಾಗಿಲಲ್ಲಿ ಒಂದು ಪುಟ್ಟ ಶೂ ಕೂಡ ಕಾಣಲಿಲ್ಲ. ಬದಲಿಗೆ ದೊಡ್ಡ ಚಪ್ಪಲಿಗಳು ಬಂದವು: ಕಾತ್ಯಾಯಿನಿ, ಅವರ ಹಿಂದೆ ನಾಲ್ಕಾರು ತಾಯಂದಿರು, ಎಲ್ಲರ ಹಿಂದೆ ತಲೆ ತಗ್ಗಿಸಿದ ಬದರಿನಾಥ. ಕಾತ್ಯಾಯಿನಿ ಆ ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದರು.

"ಹರಿಣಿ, ನಿಮ್ಮ ಮೇಲೆ ನಮಗೆ ಗೌರವ ಇದೆ. ಆದ್ರೆ ನಿಮ್ಮ ಯಜಮಾನರು ಬೇಸ್‌ಮೆಂಟಲ್ಲಿ ಗುಂಡು ಕಾಯಿಸ್ತಾ ಇರೋವಾಗ ಮಕ್ಕಳನ್ನ ಹೇಗೆ ಕಳಿಸೋದು? ನಿನ್ನೆ ಇವರು ಇದನ್ನ ಸೋಡಾದಲ್ಲಿ ನೆನೆಸಿ ಕುಡಿದ್ರು. ಕುಡಿದು ಟೇಬಲ್ ಹತ್ತಿ ಹಾಡಿದ್ರು! ನಮ್ಮಮ್ಮನ್ನ ಬಾಯಿಗೆ ಬಂದಂಗೆ ಬೈದ್ರು! ಅಮಲಲ್ಲಿ ಅಂದಿದ್ದು, ಹೋಗ್ಲಿ ಅಂತ ನಾನು ಸುಮ್ಮನಾದೆ."

ಹರಿಣಿ ನನ್ನತ್ತ ತಿರುಗಿದಳು. ಆ ನೋಟಕ್ಕೆ ಯಾವ ರೇಂಜಿನಲ್ಲೂ ಲೈಸೆನ್ಸ್ ಸಿಗಲಾರದು.

"ಅಯ್ಯೋ, ಅದು ಆ ಗುಂಡಲ್ಲ! ಈ ಗುಂಡು!" ಎಂದು ನಾನು ತೋರುಬೆರಳನ್ನು ಪಿಸ್ತೂಲಿನಂತೆ ಮಾಡಿ ಕಿರುಚಿದೆ. "ಬರೀ ರಾಗಿ ಹಿಟ್ಟು, ಬಿಸಿನೀರು! ನೋಡಿ!" ಎಂದು ಫ್ಲಾಸ್ಕಿನಿಂದ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದೆ.

"ಮೊನ್ನೆಯಷ್ಟೇ ತಂದ ರಾಗಿ ಹಿಟ್ಟು ಎಲ್ಲಿ ಹೋಯ್ತು ಅಂದ್ರೆ ಇಲ್ಲಿ ಹೋಯ್ತಾ!" ಎಂದಳು ಹರಿಣಿ.

ಕಾತ್ಯಾಯಿನಿ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಬರೀ ರಾಗಿ. ಹಾಗಾದ್ರೆ ನಿನ್ನೆ ನೀವು ನಮ್ಮಮ್ಮನ ಬಗ್ಗೆ ಅಂದಿದ್ದೆಲ್ಲ ಜ್ಞಾನ ಇಟ್ಕೊಂಡೇ ಅಂದಿದ್ದಾ?"

ಬದರಿನಾಥ ಬಿಳುಚಿಕೊಂಡರು. "ಇಲ್ಲ ಕಾತ್ಯಾಯಿನಿ, ನಿಜವಾಗ್ಲೂ ತಲೆ ತಿರುಗ್ತಿತ್ತು!"

ಗಂಡನ ತನಿಖೆ ಮನೆಗೆ ಹೋದ ಮೇಲೆ ಎಂದು ತೀರ್ಮಾನವಾಯಿತು. ಈಗ ನನ್ನ ಸರದಿ. "ಶೂಟಿಂಗಿಗೇ ಅಂತೀರಲ್ಲ, ಹೊಡೆದು ತೋರಿಸಿ. ಅದನ್ನ ನೋಡಿದ ಮೇಲೆ ಕ್ಲಾಸಿನ ಮಾತು" ಎಂದರು ಕಾತ್ಯಾಯಿನಿ.

ಎಲ್ಲರೂ ಬೇಸ್‌ಮೆಂಟಿಗೆ ಇಳಿದೆವು. ಹರಿಣಿ ಮೆಟ್ಟಿಲ ಬಳಿ ಸೆರಗು ಬಿಗಿಹಿಡಿದು ನಿಂತಿದ್ದಳು. ಅವಳ ಕ್ಲಾಸಿನ ಅಳಿವು ಉಳಿವು ಈಗ ನನ್ನ ಬೆರಳ ತುದಿಯಲ್ಲಿತ್ತು. ಉಸಿರು ಬಿಗಿಹಿಡಿದೆ, ಒಂದು ಕಣ್ಣು ಮುಚ್ಚಿದೆ, ಪಿಸ್ತೂಲಿನ ಕುದುರೆ ಎಳೆದೆ. ಗುಂಡು ಹೋಗಿ ಒಗೆಯುವ ಬಟ್ಟೆಯ ಬುಟ್ಟಿಗೆ ಬಿತ್ತು. ಎರಡನೆಯದು ಚಾವಣಿಯ ದೀಪಕ್ಕೆ ತಗುಲಿತು. ಮೂರನೆಯದು ಪೈಪಿಗೆ ಬಡಿದು ಹಿಂದಿರುಗಿ, ನನ್ನ ಬೆನ್ನ ಹಿಂದೆ ನಿಂತಿದ್ದ ಬದರಿನಾಥರ ಬೋಳುತಲೆಗೆ 'ಪುಸ್' ಎಂದಿತು. ಅಕ್ಕಿ ಚೀಲ ಮಾತ್ರ ಅತ್ತ ಇತ್ತ ಅಲ್ಲಾಡದೆ ಪರಮ ನೆಮ್ಮದಿಯಿಂದ ನೇತುಬಿದ್ದಿತ್ತು.

"ಮುಂದಕ್ಕೆ ಹೊಡೆದ್ರೆ ಹಿಂದಕ್ಕೆ ಬರ್ತಿದೆ!" ಕಾತ್ಯಾಯಿನಿ ಎದೆ ಮೇಲೆ ಕೈಯಿಟ್ಟುಕೊಂಡರು. "ಇನ್ನೇನು ಸಾಕ್ಷಿ ಬೇಕು? ಬೆಳಿಗ್ಗೆಬೆಳಿಗ್ಗೇನೇ ಹಾಕಿದ್ದಾರೆ! ನಡೀರಿ ಎಲ್ಲರೂ!"

ತಾಯಂದಿರು ಮೆಟ್ಟಿಲ ಕಡೆ ಹೊರಟೇಬಿಟ್ಟರು. ಆಗ ಹರಿಣಿ ಅಡ್ಡ ನಿಂತಳು.

"ಒಂದ್ನಿಮಿಷ. ಇವರು ಕುಡಿದಿಲ್ಲ."

"ಮತ್ತೆ ಇದೇನು?"

"ಇವರು ಇರೋದೇ ಹೀಗೆ. ಗೋಡೆಗೆ ಮೊಳೆ ಹೊಡೆಯೋಕೆ ಹೋಗಿ ಕಿಟಕಿ ಒಡೀತಾರೆ. ಗರಾಜಿಗೆ ಕಾರು ಹಾಕೋಕೆ ಹೋಗಿ ಮೇಲ್‌ಬಾಕ್ಸ್ ಬೀಳಿಸ್ತಾರೆ. ಮದುವೇಲಿ ನನ್ನ ತಲೆ ಮೇಲೆ ಹಾಕಬೇಕಾದ ಅಕ್ಷತೆ ಪುರೋಹಿತರ ಕಣ್ಣಿಗೆ ಹಾಕಿದ್ರು. ಒಂದು ತೊಟ್ಟು ಕುಡಿದೋರಲ್ಲ. ನನ್ನಾಣೆ."

ಕಾತ್ಯಾಯಿನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಲ್ಲಿದ್ದವರೆಲ್ಲ ಹರಿಣಿಯ ಮಾತನ್ನು ತಕ್ಷಣ ನಂಬಿದರು! ಒಬ್ಬರಾದರೂ ಒಂದು ಗಳಿಗೆ ಅನುಮಾನ ಪಡಬಾರದಿತ್ತೇ? ಕಾತ್ಯಾಯಿನಿಯವರ ಸಿಟ್ಟು ಇಳಿದು, ಆ ಜಾಗದಲ್ಲಿ ಕರುಣೆ ಉಕ್ಕಿತು. ಹರಿಣಿಯ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ಮುಂದಿನ ಶನಿವಾರ ಎಲ್ಲಾ ಮಕ್ಕಳನ್ನೂ ಕಳಿಸ್ತೀವಿ ಕಣ್ರೀ. ನಿಮಗೂ ಮನೇಲಿ ಸ್ವಲ್ಪ ಬುದ್ಧಿ ಇರೋರ ಜೊತೆ ಬೇಕಲ್ಲ! ಪಾಪ, ಕುಡಿತ ಆಗಿದ್ರೆ ಹೇಗಾದ್ರೂ ಬಿಡಿಸಬಹುದಿತ್ತು."